ಸೊಂಟನೋವಿಗೆ ಕಟಿಬಸ್ತಿಯೋ, ಫಿಸಿಯೋಥೆರಪಿಯೋ?

ವಯಸ್ಸು 25 ದಾಟಿಲ್ಲ, ಸೊಂಟನೋವು 3 ತಿಂಗಳಾದರೂ ಬಿಟ್ಟಿಲ್ಲ. ಹಾಸನದಲ್ಲಿ ಇಂಥವರಿಗೆ ಎರಡು ದಾರಿ ಸಿಗುತ್ತವೆ.

ತಣ್ಣೀರುಹಳ್ಳದ ಆಯುರ್ವೇದ ಆಸ್ಪತ್ರೆ ಕಡೆ ಹೋದರೆ ಕಟಿಬಸ್ತಿ. ಸೊಂಟದ ಮೇಲೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ, ಬೆಚ್ಚಗಿನ ಎಣ್ಣೆ ನಿಲ್ಲಿಸುತ್ತಾರೆ. ಹಾಯೆನಿಸುತ್ತದೆ. ಆದರೆ ಸುಮ್ನೆ ಮಲಗಿದ್ದರೆ ಬೆನ್ನಿಗೆ ಬಲ ಬರುವುದಿಲ್ಲ, ಅಲ್ವಾ?

ಫಿಸಿಯೋಥೆರಪಿಯಲ್ಲಿ ಕೆಲಸವೆಲ್ಲ ನಿಮ್ಮದೇ. ಕಲಿಸಿದ ವ್ಯಾಯಾಮವನ್ನು ಮನೆಯಲ್ಲಿ ದಿನಾ ಮಾಡಬೇಕು. ಬೇಜಾರು ಜಾಸ್ತಿ, ಫಲ ನಿಧಾನ. ಆದರೂ ನನ್ನ ಓಟು ಇದಕ್ಕೇ. ಒಮ್ಮೆ ಕಲಿತರೆ ಖರ್ಚಿಲ್ಲ, ನಾಳೆ ಕೆಲಸಕ್ಕೆಂದು ಬೆಂಗಳೂರಿಗೆ ಹೋದರೂ ಮುಂದುವರಿಸಬಹುದು.

ಬೆಳಗ್ಗೆ ಎದ್ದಾಗ ಅರ್ಧ ಗಂಟೆಗೂ ಮೀರಿ ಸೊಂಟ ಹಿಡಿದುಕೊಂಡು, ಓಡಾಡಿದಂತೆ ಕಮ್ಮಿಯಾಗುತ್ತಿದ್ದರೆ ಮಾತ್ರ ಎರಡಕ್ಕೂ ಮೊದಲು ಸಂಧಿವಾತದ ಡಾಕ್ಟರಿಗೆ ತೋರಿಸಿ. ಕಾಲಿನ ಶಕ್ತಿ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಆಗಲೇ ಆಸ್ಪತ್ರೆಗೆ ಓಡಿ.