ಆರು ವರ್ಷ ಬಳಸಿದ ಬಿಳಿ ಅಂಟು: ಪರ್ಫೆಕ್ಟ್ ಬೈಂಡಿಂಗ್‌ಗೆ ಪಿವಿಎ

ಬಿಡಿ ಹಾಳೆಗಳನ್ನು ಹೊಲಿಗೆಯಿಲ್ಲದೆ, ಬೆನ್ನಿಗೆ ಅಂಟು ಬಳಿದು ಕಟ್ಟುವ ಪರ್ಫೆಕ್ಟ್ ಬೈಂಡಿಂಗ್‌ಗೆ ನಾನು ಆರು ವರ್ಷಗಳಿಂದ ಪಿವಿಎ ಎಂಬ ತಣ್ಣನೆಯ ಬಿಳಿ ಅಂಟನ್ನೇ ಬಳಸುತ್ತಿದ್ದೇನೆ. ಅದಕ್ಕೂ ಮೊದಲು ಬಳಸುತ್ತಿದ್ದದ್ದು ಇವಿಎ ಹಾಟ್ ಮೆಲ್ಟ್. ಸುಮಾರು 170 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಹಚ್ಚಿದರೆ ಕೆಲವೇ ಕ್ಷಣಗಳಲ್ಲಿ ಬಿಗಿಯುವ ಅದರ ವೇಗಕ್ಕೆ ನನ್ನ ತಕರಾರಿಲ್ಲ. ಆದರೆ ಹಾಗೆ ಕಟ್ಟಿದ ದಪ್ಪ ಪುಸ್ತಕವೊಂದನ್ನು ಎರಡು ವರ್ಷದ ನಂತರ ಚಳಿಗಾಲದ ಬೆಳಿಗ್ಗೆ ತೆರೆದಾಗ ಬೆನ್ನು ಚಟ್ಟೆಂದು ಸೀಳಿತು. ಸೀಳಿದಲ್ಲಿದ್ದ ನಾಲ್ಕು ಹಾಳೆಗಳು ಅಂಚಿನಲ್ಲಿ ಒಂದು ನಾರೂ ಕೀಳದೆ ನುಣ್ಣಗೆ ಕೈಗೆ ಬಂದವು. ಅಂಟು ಕಾಗದದ ಮೇಲೆ ಕುಳಿತಿತ್ತೇ ಹೊರತು ಒಳಗೆ ಇಳಿದಿರಲಿಲ್ಲ.

ಡಬ್ಬಿಯ ಮೇಲೆ ಪಿವಿಎ ಎಂದಿದ್ದ ಮಾತ್ರಕ್ಕೆ ಸಾಲದು, ಮರಗೆಲಸದ ಅಂಟೂ ಪಿವಿಎಯೇ, ಅದು ಒಣಗಿದರೆ ಗಡುಸು. ಮೃದುತ್ವಕ್ಕಾಗಿ ಪ್ಲಾಸ್ಟಿಸೈಜರನ್ನು ಹೊರಗಿನಿಂದ ಬೆರೆಸಿದ ಅಂಟಿನಿಂದ ಆ ದ್ರವ ಕಾಲಕ್ರಮೇಣ ಕಾಗದಕ್ಕೆ ಹರಿದುಹೋಗಿ ಬೆನ್ನು ಬಿರುಸಾಗುವುದರಿಂದ, ಪಾಲಿಮರ್‌ನ ರಚನೆಯಲ್ಲೇ ಮೃದುತ್ವವಿರುವ ಕೋಪಾಲಿಮರ್ ಬಗೆಯನ್ನು ಕೇಳಿ ಪಡೆಯಬೇಕು. ಹಚ್ಚುವ ಕ್ರಮವೂ ಅಷ್ಟೇ ಮುಖ್ಯ: ಕಟ್ಟನ್ನು ಬಿಗಿಹಿಡಿದು ಹಾಳೆಗಳನ್ನು ಬೀಸಣಿಗೆಯಂತೆ ಒಂದು ಪಕ್ಕಕ್ಕೆ ಬಾಗಿಸಿ ತೆಳುವಾಗಿ ಹಚ್ಚುತ್ತೇನೆ, ಮತ್ತೆ ಇನ್ನೊಂದು ಪಕ್ಕಕ್ಕೆ ಬಾಗಿಸಿ ಹಚ್ಚುತ್ತೇನೆ. ಆಗ ಪ್ರತಿ ಹಾಳೆಯೂ ಕೂದಲೆಳೆಯಷ್ಟು ಅಗಲದಲ್ಲಿ ಪಕ್ಕದ ಹಾಳೆಗೆ ಕೂಡಿಕೊಳ್ಳುತ್ತದೆ. ಮೇಲೊಂದು ತೆಳು ಬಟ್ಟೆಯ ಪಟ್ಟಿ, ಒಂದು ರಾತ್ರಿ ಭಾರದಡಿ. ಈ ಆರು ವರ್ಷಗಳಲ್ಲಿ ಹೀಗೆ ಕಟ್ಟಿದವುಗಳಲ್ಲಿ ಹಾಳೆ ಉದುರಿದ್ದು ಒಂದೇ ಪುಸ್ತಕದ್ದು; ಅಂಟು ಹಿಡಿಯಲೆಂದು ಅದರ ಬೆನ್ನನ್ನು ಮೊದಲು ಉಪ್ಪುಕಾಗದದಿಂದ ಉಜ್ಜಲು ನಾನೇ ಮರೆತಿದ್ದೆ.

ದೋಷಗಳೂ ಇವೆ. ಅಂಟಿನಲ್ಲಿ ನೀರಿರುವುದರಿಂದ ಕಾಗದದ ನಾರಿನ ದಿಕ್ಕು ಬೆನ್ನಿಗೆ ಸಮಾನಾಂತರವಾಗಿಲ್ಲದಿದ್ದರೆ ಹಾಳೆಗಳು ಬೆನ್ನಿನ ಬಳಿ ಅಲೆಯಲೆಯಾಗಿ ಸುಕ್ಕುಗಟ್ಟುತ್ತವೆ, ಆಮೇಲೆ ಯಾವ ಭಾರ ಹೇರಿದರೂ ಸರಿಹೋಗುವುದಿಲ್ಲ. ಡಬ್ಬಿಯಲ್ಲಿನ ಅಂಟು ಒಮ್ಮೆ ಹೆಪ್ಪುಗಟ್ಟಿದರೆ ಎಸೆಯುವುದೇ ಸರಿ.

ಹೊಳಪಿನ ಆರ್ಟ್ ಪೇಪರ್ ಮೇಲೆ ಮಾತ್ರ ನನಗೆ ಈ ಅಂಟಿನ ಭರವಸೆಯಿಲ್ಲ. ಅಲ್ಲಿ ಗೆಲ್ಲುವುದು ಗಾಳಿಯ ತೇವವನ್ನು ಹೀರಿ ಗಟ್ಟಿಯಾಗುವ, ಚಳಿಗೂ ಸೆಕೆಗೂ ಜಗ್ಗದ ಪಿಯುಆರ್ (ಪಾಲಿಯುರೆಥೇನ್) ಅಂಟು. ಅದಕ್ಕೆ ಪ್ರತ್ಯೇಕ ಯಂತ್ರ ಬೇಕು. ಬಿಸಿಯಾದಾಗ ಉಸಿರಿಗೆ ಹಾನಿಕರವಾದ ಐಸೊಸೈನೇಟ್ ಆವಿ ಬರುವುದರಿಂದ ಅದನ್ನು ಹೊರಗೆಳೆಯುವ ವ್ಯವಸ್ಥೆಯೂ ಬೇಕು. ಎರಡೂ ನನ್ನಲ್ಲಿಲ್ಲ. ಆರ್ಟ್ ಪೇಪರ್ ಕೆಲಸ ಬಂದಾಗ ಫಾರಂಗಳನ್ನು, ಅಂದರೆ ಹಲವು ಪುಟಗಳು ಅಚ್ಚಾದ ದೊಡ್ಡ ಹಾಳೆಗಳನ್ನು, ಮಡಚಿ ಹೊಲಿದೇ ಕೊಡುತ್ತೇನೆ.