ತಾಳಮದ್ದಲೆಯ ವಿಡಿಯೊಗಳನ್ನು ಉಳಿಸಿಕೊಳ್ಳಲು ನಾನು ಪರೀಕ್ಷಿಸಿದ ನಾಲ್ಕು ದಾರಿಗಳು

ನಮ್ಮೂರಿನ ಹವ್ಯಾಸಿ ಸಂಘವು ಯಕ್ಷಗಾನದ ವೇಷವಿಲ್ಲದ ರೂಪವಾದ ತಾಳಮದ್ದಲೆಯ ತನ್ನ ಕೂಟಗಳನ್ನು ಯೂಟ್ಯೂಬಿಗೆ ಏರಿಸುತ್ತಾ ಬಂದಿತ್ತು. ಮೂಲ ಕಡತಗಳಿದ್ದ ಹಾರ್ಡ್ ಡಿಸ್ಕ್ ಕೆಟ್ಟುಹೋದ ಮೇಲೆ ನಮಗೆ ಉಳಿದದ್ದು ಆ ವಿಡಿಯೊಗಳು ಮಾತ್ರ. ಅವುಗಳಲ್ಲಿ ಅರ್ಥ ಹೇಳಿದ, ಅಂದರೆ ಪಾತ್ರಗಳ ಮಾತನ್ನಾಡಿದ, ಹಿರಿಯರಿಬ್ಬರು ಈಗ ನಮ್ಮೊಂದಿಗಿಲ್ಲ. ಚಾನೆಲ್ಲಿನ ಒಡೆಯರಿಗೆ ಗೂಗಲ್ ಟೇಕ್‌ಔಟ್ ಮೂಲಕ ಎಲ್ಲವನ್ನೂ ಮರಳಿ ಪಡೆಯುವ ಅವಕಾಶವಿದೆಯಾದರೂ ನಮ್ಮ ಖಾತೆಯ ಪಾಸ್‌ವರ್ಡ್ ಯಾರ ಬಳಿಯೂ ಉಳಿದಿರಲಿಲ್ಲ. ಆದ್ದರಿಂದ ಸಂಘದ ಮತ್ತು ಕಲಾವಿದರ ಒಪ್ಪಿಗೆ ಪಡೆದು, ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದ್ದ ಶೇರ್ ಲಿಂಕ್‌ಗಳಿಂದಲೇ ಕೆಲಸ ಆರಂಭಿಸಿದೆ. ಅನುಮತಿಯಿಲ್ಲದೆ ಇಳಿಸಿಕೊಳ್ಳುವುದನ್ನು ಯೂಟ್ಯೂಬಿನ ನಿಯಮಗಳು ಒಪ್ಪುವುದಿಲ್ಲವಾದ್ದರಿಂದ ಈ ಮಾತನ್ನು ಮೊದಲೇ ಹೇಳಿದ್ದೇನೆ.

ಯೂಟ್ಯೂಬ್ ಆ್ಯಪಿನೊಳಗಿನ ಡೌನ್‌ಲೋಡ್ ಸೌಲಭ್ಯವು ಪ್ರಯಾಣದಲ್ಲಿ ನೋಡುವುದಕ್ಕೆ ಯೋಗ್ಯವಾದುದು. ಆದರೆ ಆ ವಿಡಿಯೊ ಆ್ಯಪಿನ ಹೊರಗೆ ತೆರೆಯುವ ಕಡತವಾಗಿ ಸಿಗುವುದಿಲ್ಲವಾದ್ದರಿಂದ ಸಂಗ್ರಹಕ್ಕೆ ಉಪಯೋಗವಿಲ್ಲ.

ಲಿಂಕ್ ಅಂಟಿಸಿದರೆ ಕಡತ ಕೊಡುವ ಜಾಲತಾಣವೊಂದನ್ನೂ ನೋಡಿದೆ. ಮೂರು ಗಂಟೆಯ ಕೂಟ 360ಪಿ ಗುಣಮಟ್ಟದಲ್ಲಿ ಮಾತ್ರ ದೊರೆಯಿತು. ಜೊತೆಗೆ ಫೋನಿಗೆ ವೈರಸ್ ತಗುಲಿದೆಯೆಂದು ಹೆದರಿಸುವ ಜಾಹೀರಾತುಗಳು ಒಂದರ ಮೇಲೊಂದು ತೆರೆದುಕೊಂಡವು. ಮನೆಯ ಹಿರಿಯರ ಕೈಗೆ ಇದನ್ನು ಕೊಡಲು ನನಗೆ ಧೈರ್ಯವಿಲ್ಲ.

ಆಂಡ್ರಾಯ್ಡ್ ಫೋನಿನಲ್ಲಿ ನ್ಯೂಪೈಪ್ ಎಂಬ ಆ್ಯಪ್ ಬಹಳ ಹಿತವೆನಿಸಿತು. ಇದು ಪ್ಲೇ ಸ್ಟೋರಿನಲ್ಲಿಲ್ಲ, ಮುಕ್ತ ತಂತ್ರಾಂಶಗಳ ಆ್ಯಪ್ ಭಂಡಾರವಾದ ಎಫ್-ಡ್ರಾಯ್ಡ್‌ನಿಂದ ಪಡೆಯಬೇಕು. ಶೇರ್ ಒತ್ತಿ ನ್ಯೂಪೈಪನ್ನು ಆರಿಸಿದರೆ ವಿಡಿಯೊ ಬೇಕೋ ಧ್ವನಿ ಮಾತ್ರ ಸಾಕೋ ಎಂದು ಅದು ಕೇಳುತ್ತದೆ. ವೇಷವಿಲ್ಲದೆ, ಕುಳಿತು ಮಾತಿನಲ್ಲೇ ಪಾತ್ರ ಕಟ್ಟುವ ತಾಳಮದ್ದಲೆಗೆ ಧ್ವನಿಯೇ ಜೀವಾಳವಾದ್ದರಿಂದ ಈ ಆಯ್ಕೆ ದೊಡ್ಡ ಉಪಕಾರವಾಯಿತು: 128 ಕೆಬಿಪಿಎಸ್ ದರದಲ್ಲಿ ಮೂರು ಗಂಟೆಯ ಧ್ವನಿಗೆ ಸುಮಾರು 170 ಎಂಬಿ ಸಾಕು.

ಆದರೂ ಸಂಗ್ರಹಕ್ಕೆ ನಾನು ಆರಿಸಿಕೊಂಡದ್ದು ಕಂಪ್ಯೂಟರಿನಲ್ಲಿ ವಿಡಿಯೊ ಇಳಿಸುವ ತಂತ್ರಾಂಶವಾದ ವೈಟಿ-ಡಿಎಲ್‌ಪಿಯನ್ನು. ಇದು ಹಳೆಯ ಯೂಟ್ಯೂಬ್-ಡಿಎಲ್‌ನ ಕವಲು, ಅಂದರೆ ಅದರಿಂದಲೇ ಬೇರೆಯಾಗಿ ಬೆಳೆಸಿದ ರೂಪ. ಆ ಮೂಲ ತಂತ್ರಾಂಶವನ್ನು 2020ರ ಅಕ್ಟೋಬರಿನಲ್ಲಿ ಅಮೆರಿಕದ ಸಂಗೀತೋದ್ಯಮದ ದೂರಿನ ಮೇಲೆ, ತಂತ್ರಾಂಶಗಳನ್ನು ಇರಿಸುವ ತಾಣವಾದ ಗಿಟ್‌ಹಬ್ ತೆಗೆದುಹಾಕಿ, ಮರುತಿಂಗಳೇ ಮರಳಿ ಸೇರಿಸಿತ್ತು. ಯೂಟ್ಯೂಬ್ ಹೆಚ್ಚಿನ ಗುಣಮಟ್ಟದ ಚಿತ್ರವನ್ನೂ ಧ್ವನಿಯನ್ನೂ ಬೇರೆಬೇರೆ ಹರಿವುಗಳಾಗಿ ಕಳುಹಿಸುವುದರಿಂದ, ಎರಡನ್ನೂ ಜೋಡಿಸಲು ಎಫ್‌ಎಫ್‌ಎಂಪೆಗ್ ಕೂಡ ಜೊತೆಗಿರಬೇಕು. ಆಜ್ಞೆಗಳನ್ನು ಕೈಯಾರೆ ಟೈಪಿಸಬೇಕಾದ್ದರಿಂದ ಮೊದಲ ಸಂಜೆ ನನಗೆ ಕಷ್ಟವೇ ಆಯಿತು. ಶೇರ್ ಲಿಂಕಿನಲ್ಲಿ ವಿಡಿಯೊದ ನಿಜವಾದ ಗುರುತು 11 ಅಕ್ಷರಗಳದ್ದು. ಬಾಲಕ್ಕೆ ಅಂಟಿರುವ 'ಎಸ್‌ಐ' (si) ಭಾಗವನ್ನು ಅಳಿಸಿದರೂ ನಷ್ಟವಿಲ್ಲ, ಆದರೆ 'ಲಿಸ್ಟ್' (list) ಭಾಗವನ್ನು ಹಾಗೆಯೇ ಬಿಟ್ಟರೆ ಇಡೀ ಪ್ಲೇಲಿಸ್ಟ್ ಇಳಿಯತೊಡಗುತ್ತದೆ. ಆಜ್ಞೆಯಲ್ಲಿ ಲಿಂಕನ್ನು ಉದ್ಧರಣ ಚಿಹ್ನೆಗಳೊಳಗೆ ಇಡುವುದೂ ಅಗತ್ಯ.

ನನ್ನ ಮನಸ್ಸನ್ನು ಗೆದ್ದದ್ದು ಇದರ ಇನ್ನೊಂದು ಗುಣ. ವಿಡಿಯೊದ ಕೆಳಗಿನ ವಿವರಣೆಯನ್ನು ಪ್ರತ್ಯೇಕ ಪಠ್ಯ ಕಡತವಾಗಿ ಉಳಿಸಲು ಅದರಲ್ಲಿ ಆಯ್ಕೆಯಿದೆ. ಪ್ರಸಂಗ ಯಾವುದು, ಭಾಗವತರು ಯಾರು, ಮದ್ದಲೆಗೆ ಯಾರು ಕುಳಿತಿದ್ದರು, ಯಾವ ಪಾತ್ರದ ಅರ್ಥವನ್ನು ಯಾರು ಹೇಳಿದರು ಎಂಬುದೆಲ್ಲ ನಮ್ಮ ಕೂಟಗಳ ಮಟ್ಟಿಗೆ ಆ ವಿವರಣೆಯಲ್ಲಿ ಮಾತ್ರ ದಾಖಲಾಗಿತ್ತು.

ನ್ಯೂಪೈಪಿನಂತೆ ಇದನ್ನೂ ಆಗಾಗ ನವೀಕರಿಸದಿದ್ದರೆ, ಯೂಟ್ಯೂಬ್ ತನ್ನ ಒಳರಚನೆಯನ್ನು ಬದಲಿಸಿದಾಗ ಕೆಲಸ ನಿಲ್ಲುತ್ತದೆ. ಉಳಿದ ಲಿಂಕ್‌ಗಳನ್ನು ಸಾಲಿಗೊಂದರಂತೆ ಪಠ್ಯ ಕಡತವೊಂದರಲ್ಲಿ ಬರೆದಿಟ್ಟಿದ್ದೇನೆ. ವೈಟಿ-ಡಿಎಲ್‌ಪಿ ಅದನ್ನು ಓದಿಕೊಂಡು, ಈಗಾಗಲೇ ಇಳಿಸಿದವುಗಳನ್ನು ಬಿಟ್ಟು, ಪ್ರತಿ ರಾತ್ರಿ ಒಂದೆರಡು ಕೂಟಗಳನ್ನು ತರುತ್ತಿದೆ.