ಕಂಪನಿ ಮುಚ್ಚಿದ ಗ್ರಿಲ್‌ಗೆ ಸ್ಪೇರ್: ಅಮೆರಿಕ, ಎಸ್‌ಪಿ ರಸ್ತೆ, ಇಲ್ಲಾ ಶಿವಮೊಗ್ಗ?

ನಮ್ಮ ಭಾವ ಅಮೆರಿಕದ ಕೆಲಸ ಬಿಟ್ಟು ಬರುವಾಗ ಸೋಫಾ, ಪುಸ್ತಕಗಳ ಜೊತೆ ಒಂದು ಪೆಲೆಟ್ ಗ್ರಿಲ್ಲನ್ನೂ, ಅಂದರೆ ಮರದ ಗುಳಿಗೆ ಉರಿಸಿ ಕೋಳಿ ಗೀಳಿ ಬೇಯಿಸುವ ಕರೆಂಟಿನ ಒಲೆಯನ್ನೂ, ಕಂಟೇನರ್‌ಗೆ ಹಾಕಿಸಿದ್ದರು. ಬೆಂಗಳೂರಿನ ಫ್ಲ್ಯಾಟಿನಲ್ಲಿ ಹೊಗೆ ಎಬ್ಬಿಸೋ ಹಾಗಿಲ್ಲ. ಹಾಗಾಗಿ ಅದು ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಬಂದು, ಬಚ್ಚಲ ಪಕ್ಕದ ಮಾಡಿನಡಿ ಕೂತಿತು.

ಯಂತ್ರ ಸರಳ. ಡಬ್ಬಿಯಲ್ಲಿ ಮರದ ಹೊಟ್ಟನ್ನು ಒತ್ತಿ ಮಾಡಿದ ಪೆಲೆಟ್. ಒಂದು ಮೋಟಾರು ಸ್ಕ್ರೂ ತಿರುಗಿಸಿ ಅದನ್ನು ಬೆಂಕಿ ಬಟ್ಟಲಿಗೆ ತಳ್ಳುತ್ತದೆ. ಹೀಟರ್ ಕಡ್ಡಿ ಕಿಡಿ ಹಚ್ಚುತ್ತದೆ, ಫ್ಯಾನ್ ಗಾಳಿ ಊದುತ್ತದೆ. ಇದನ್ನೆಲ್ಲ ನೋಡಿಕೊಳ್ಳಲು ಒಂದು ಕಂಟ್ರೋಲರ್. ಹೋದ ಏಪ್ರಿಲ್‌ನ ಸಿಡಿಲಿಗೆ ಕಂಟ್ರೋಲರ್ ಹೋಯಿತು, ಜೊತೆಗೆ ಕಡ್ಡಿಯೂ. ಮಳೆಗಾಲದಲ್ಲಿ ಪೆಲೆಟ್ ಥಂಡಿ ಹಿಡಿದು ಊದಿಕೊಂಡು ಸ್ಕ್ರೂನಲ್ಲಿ ಗಟ್ಟಿಯಾಯಿತು. ಮೋಟಾರೂ ಸುಟ್ಟಿತು. ತಯಾರಿಸಿದ ಕಂಪನಿ ಅಷ್ಟೊತ್ತಿಗೆ ಬಾಗಿಲು ಹಾಕಿಯಾಗಿತ್ತು.

ಅಮೆರಿಕ, ಎಲೆಕ್ಟ್ರಾನಿಕ್ಸ್ ಸಾಮಾನಿನ ಅಂಗಡಿಗಳಿರುವ ಬೆಂಗಳೂರಿನ ಎಸ್‌ಪಿ ರಸ್ತೆ, ನಮ್ಮ ಶಿವಮೊಗ್ಗ, ಮೂರೂ ಕಡೆಯಿಂದ ಸಾಮಾನು ತರಿಸಿ ಹಾಕಿ ನೋಡಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಂಪನಿ ಹೆಸರು ಹಿಡಿದು ಹುಡುಕಿದರೆ ಏನೂ ಸಿಗುವುದಿಲ್ಲ. ಅಳತೆ ಹಿಡಿದು ಹುಡುಕಬೇಕು. ಕಡ್ಡಿಯ ದಪ್ಪ, ಉದ್ದ, ವಾಟ್. ಮೋಟಾರಿನ ಶಾಫ್ಟ್, ಪಿನ್ ತೂತು, ನಿಮಿಷಕ್ಕೆ ಎಷ್ಟು ಸುತ್ತು. ಇಷ್ಟು ಬರೆದುಕೊಂಡರೆ ಅರ್ಧ ಕೆಲಸ ಆದ ಹಾಗೆ.

ಹೀಟರ್ ಕಡ್ಡಿಯಿಂದ ಶುರು ಮಾಡುತ್ತೇನೆ. ಅಮೆರಿಕದಲ್ಲಿ ಎಲ್ಲ ಗ್ರಿಲ್‌ಗೂ ಆಗುತ್ತದೆ ಅಂತ ಮಾರುವ ಕಡ್ಡಿಯನ್ನು ಭಾವನ ಸ್ನೇಹಿತರ ಕೈಯಲ್ಲಿ ತರಿಸಿದೆವು. ದಪ್ಪ ಸರಿಯಿತ್ತು, ಮುಕ್ಕಾಲಿಂಚು ಗಿಡ್ಡ. ತುದಿ ಪೆಲೆಟ್ಟಿಗೆ ತಾಗುವುದೇ ಇಲ್ಲ! ಮೇಲಿಂದ ಅದು 120 ವೋಲ್ಟಿನದು. 200 ವಾಟ್ ಅಂದರೆ ಅದರ ರೆಸಿಸ್ಟೆನ್ಸ್ 72 ಓಮ್. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಮರೆತು ನಮ್ಮ 230 ವೋಲ್ಟಿಗೆ ನೇರ ಕೊಟ್ಟರೆ 700 ವಾಟ್ ದಾಟುತ್ತದೆ, ನಿಮಿಷದಲ್ಲಿ ಕತೆ ಮುಗಿಯಿತು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಪ್ಲಾಸ್ಟಿಕ್ ಅಚ್ಚಿನ ಯಂತ್ರಗಳಿಗೆ ಹಾಕುವ ಕಾರ್ಟ್ರಿಜ್ ಹೀಟರ್ ಸಿಗುತ್ತದೆ. ನೋಡಲು ಥೇಟ್ ಇದೇ ಕಡ್ಡಿ. 10 ಮಿಲಿಮೀಟರ್ ದಪ್ಪ, 6 ಇಂಚು ಉದ್ದ, 230 ವೋಲ್ಟ್, 200 ವಾಟ್ ಅಂತ ಹೇಳಿ ತಂದೆ. ಹಳೆಯದು ಒಂಬತ್ತೂವರೆ ಮಿಲಿಮೀಟರ್ ಇತ್ತು. ಶಿವಮೊಗ್ಗದ ಲೇತ್ ಅಂಗಡಿಯಲ್ಲಿ ತೂತು ಅರ್ಧ ಮಿಲಿಮೀಟರ್ ದೊಡ್ಡದು ಮಾಡಿಸಿದೆ, ಕೂತಿತು. ಇಲ್ಲಿ ಎಸ್‌ಪಿ ರಸ್ತೆಗೇ ಪೂರ್ತಿ ಅಂಕ.

ಮೋಟಾರಿನಲ್ಲಿ ಮಾತ್ರ ಗೆದ್ದದ್ದು ನಮ್ಮ ಶಿವಮೊಗ್ಗ. ಮೊದಲು ಎಸ್‌ಪಿ ರಸ್ತೆಯ ಒಂದು ಚಿಕ್ಕ ಗೇರ್ ಮೋಟಾರು ಹಾಕಿದೆ. ಖಾಲಿ ಸ್ಕ್ರೂ ಜುಮ್ ಅಂತ ತಿರುಗಿಸಿತು, ಪೆಲೆಟ್ ಸುರಿದ ಕೂಡಲೇ ಗುಂಯ್ ಅಂತ ನಿಂತುಬಿಟ್ಟಿತು. ಆಮೇಲೆ ಸುಟ್ಟ ಹಳೆ ಮೋಟಾರನ್ನೇ ಚೀಲಕ್ಕೆ ಹಾಕಿಕೊಂಡು, ಅಡಿಕೆ ತೋಟದ ಪಂಪ್‌ಸೆಟ್ ಕಟ್ಟಿಸುವ ವೈಂಡಿಂಗ್ ಅಂಗಡಿಗೆ ಹೋದೆ. "ಇದೇನ್ ಮಾರಾಯ್ರೆ, ಆಟದ ಸಾಮಾನಾ?" ಅಂದರು. ಆದರೂ ಕೈಗೆತ್ತಿಕೊಂಡರು. ಕಪ್ಪಾದ ತಂತಿಯನ್ನು ಬಿಚ್ಚುತ್ತಾ ಪ್ರತಿ ನೂರಕ್ಕೆ ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ಒಂದು ಗೀಟು. ಕೊನೆಗೆ ಗೀಟು ಎಣಿಸಿ, ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಸುತ್ತು, ಇನ್ನೂ ಸಪೂರ ತಂತಿಯಲ್ಲಿ ಸುತ್ತಿದರು. ಅಲ್ಲಿಗೆ ಮೋಟಾರು 230 ವೋಲ್ಟಿನದಾಯಿತು. ಗೇರು, ಶಾಫ್ಟು, ಪಿನ್ನು ಎಲ್ಲ ಹಳೆಯದೇ, ಒಂದು ಸ್ಕ್ರೂ ಬದಲಿಸುವ ತಾಪತ್ರಯವಿಲ್ಲ. ಒಂದೇ ಕೊರತೆ. ಅಮೆರಿಕದ ಕರೆಂಟು 60 ಹರ್ಟ್ಸ್, ನಮ್ಮದು 50, ಇಂಥ ಮೋಟಾರಿನ ವೇಗ ಈ ಹರ್ಟ್ಸ್ ಹಿಂದೆಯೇ ಹೋಗುತ್ತದೆ. ಹಾಗಾಗಿ ನಿಮಿಷಕ್ಕೆ 2 ಸುತ್ತಿನ ಮೋಟಾರು ಇಲ್ಲಿ ಒಂದೂಮುಕ್ಕಾಲರ ಒಳಗೇ ಸುತ್ತುತ್ತದೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆಯೇ ಹೊರತು ಇದನ್ನು ಸರಿ ಮಾಡುವುದಿಲ್ಲ. ಪೆಲೆಟ್ ಬೀಳುವ ಹೊತ್ತನ್ನೇ ಜಾಸ್ತಿ ಮಾಡಬೇಕು, ಅಷ್ಟೇ.

ಕಂಟ್ರೋಲರ್ ವಿಷಯದಲ್ಲಿ ನನಗೆ ಇವತ್ತಿಗೂ ಎರಡು ಮನಸ್ಸು. ಅಮೆರಿಕದಿಂದ ಬಂದ ಬದಲಿ ಕಂಟ್ರೋಲರ್ ಟ್ರಾನ್ಸ್‌ಫಾರ್ಮರ್ ಮೇಲೆ ಚೆನ್ನಾಗಿಯೇ ಓಡಿತು. ನಿಜ ಹೇಳಬೇಕೆಂದರೆ ಕೋಳಿ ಚೆನ್ನಾಗಿ ಬೆಂದದ್ದು ಅದರಲ್ಲೇ. ಎಸ್‌ಪಿ ರಸ್ತೆಯ ಪಿಐಡಿ ಕಂಟ್ರೋಲರ್ (ಯಂತ್ರಗಳ ಶಾಖವನ್ನು ಹೇಳಿದ ಮಟ್ಟದಲ್ಲಿ ಹಿಡಿದಿಡುವ ಪೆಟ್ಟಿಗೆ) ಅಗ್ಗ, ಆದರೆ ಅದಕ್ಕೆ ಬೆಂಕಿಯ ಬುದ್ಧಿ ಇಲ್ಲ. ಶಾಖ ಸಾಕಾದ ಕೂಡಲೇ ಪೆಲೆಟ್ ಪೂರ್ತಿ ನಿಲ್ಲಿಸುತ್ತದೆ. ಬೆಂಕಿ ಆರುತ್ತದೆ. ಆಮೇಲೆ ಶಾಖ ಇಳಿಯಿತು ಅಂತ ಬಿಸಿ ಬಟ್ಟಲಿಗೆ ಒಂದೇ ಸಮ ಸುರಿಯುತ್ತದೆ. ಮೊದಲ ಸಲ ಹಳದಿ ಹೊಗೆ ತುಂಬಿಕೊಂಡು, ಮುಚ್ಚಳ ತೆಗೆದಾಗ ಭಗ್ ಅಂತ ಹೊತ್ತಿಕೊಂಡು ನನ್ನ ಹುಬ್ಬು ಸುಟ್ಟಿತು. ಪಕ್ಕದಲ್ಲಿ ಒಂದು ಸೈಕ್ಲಿಕ್ ಟೈಮರ್, ಅಂದರೆ ಆಗಾಗ ಆನ್-ಆಫ್ ಮಾಡುತ್ತಲೇ ಇರುವ ಗಡಿಯಾರ, ಕೂರಿಸಿ, ಏನೇ ಆದರೂ ಚೂರು ಚೂರು ಪೆಲೆಟ್ ಬೀಳುತ್ತಲೇ ಇರುವ ಹಾಗೆ ಮಾಡಿದ ಮೇಲೆ ಸರಿಹೋಯಿತು. ಶಾಖದ ಸೆನ್ಸರನ್ನೂ ಬದಲಿಸಬೇಕಾಯಿತು. ಹಳೆಯದು ಮನೆಯ ಹವೆಯಲ್ಲೇ 1,100 ಓಮ್ ಹತ್ತಿರ ತೋರಿಸುವ ಪಿಟಿ1000. ನಾನು ತಂದ ಕಂಟ್ರೋಲರ್‌ಗೆ ಬೇಕಾದ್ದು ಅದರ ಹತ್ತನೇ ಒಂದು ಪಾಲು ಓಮ್ ತೋರಿಸುವ ಪಿಟಿ100.

ಬೆಂಕಿ ಬಟ್ಟಲಿಗೆ ದೂರ ಹೋಗಲೇಬೇಡಿ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆಯ ವೆಲ್ಡಿಂಗ್ ಅಂಗಡಿಯಲ್ಲಿ ಹಳೆಯದನ್ನು ತೋರಿಸಿ, 304 ಅನ್ನುವ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿಸಿಕೊಂಡೆ. ಜಿಐ ಶೀಟು (ಸತು ಲೇಪಿಸಿದ ತಗಡು) ಹಾಕುತ್ತೇನೆ ಅಂದರೆ ಒಪ್ಪಬೇಡಿ, ಕಾದರೆ ಸತುವಿನ ಹೊಗೆ ಬರುತ್ತದೆ.

ಕೊನೆಗೆ ನಾನು ಉಳಿಸಿಕೊಂಡದ್ದು ಎಲ್ಲ 230 ವೋಲ್ಟಿನ ಜೋಡಣೆ. ನಡುವೆ ಒಂದು ತಿಂಗಳು ಕಂಟ್ರೋಲರ್ 120, ಮೋಟಾರು 230 ವೋಲ್ಟ್ ಅಂತ ಬೆರಕೆ ಮಾಡಿ, ರಿಲೇ ಸಿಕ್ಕಿಸಿ, ಯಾವ ವೈರು ಯಾವುದು ಅಂತ ನನಗೇ ಗೊತ್ತಾಗದ ಸ್ಥಿತಿಗೆ ಬಂದಿದ್ದೆ. ಅದು ಬೇಡ. ಅಮೆರಿಕದ ಕಂಟ್ರೋಲರ್ ಅಡುಗೆಗೆ ಮೇಲು, ಒಪ್ಪುತ್ತೇನೆ. ಆದರೆ ಅದು ಕೈಗೆ ಸಿಗಲು ಎರಡು ತಿಂಗಳು ಕಾದಿದ್ದೆವು. ಪಿಐಡಿ ಸುಟ್ಟರೆ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಿ ಮರುದಿನ ತರಬಹುದು. ಅರ್ತಿಂಗ್ ಮಾತ್ರ ಹೊಸದಾಗಿ ಹಾಕಿಸಿದೆ, ಕಬ್ಬಿಣದ ಪೆಟ್ಟಿಗೆ ಅಲ್ವಾ.

ಈಗ ಆಗುಂಬೆ ದಿಕ್ಕಿನಲ್ಲಿ ಒಂದು ಗುಡುಗು ಕೇಳಿದರೆ ಸಾಕು, ಅಮ್ಮ ಒಳಗಿಂದಲೇ ಕೂಗುತ್ತಾರೆ: "ಆ ಅಮೆರಿಕದ ಒಲೆ ಪ್ಲಗ್ ತೆಗೆದ್ಯೇನೋ?"